ಹನ್ನೆರಡು ಮೈಲಿಯ ಗಾಡಿ

ಮೂವತ್ತೊಂದು ವರ್ಷ ಓಹಾಯೋದ ಹಿಮದಲ್ಲಿ
ಶಾಲೆಯ ಹಳದಿ ಬಸ್ಸು ಓಡಿಸಿದವಳು ನಾನು.
ಅದರ ಎಂಜಿನ್ನಿಗೆ ಯಾರೋ ಮೂಗುದಾರ ಹಾಕಿದ್ದರು,
ಐವತ್ತರ ಮೇಲೆ ಎಷ್ಟು ತುಳಿದರೂ ಬರೀ ಗೊರಕೆ.
ಹಿಂದಿನ ಸೀಟಿನಿಂದ ಮಕ್ಕಳ ಕೂಗು:
"ಮಿಸ್ ಆರ್ಡಿತ್, ಇನ್ನೂ ಜೋರು!"
ಕನ್ನಡಿಯಲ್ಲಿ ಕಣ್ಣು ಕೆಕ್ಕರಿಸುತ್ತಿದ್ದೆ,
ಜೋರು ನನ್ನ ಕೈಲಿಲ್ಲ ಅಂತ ಮಾತ್ರ
ಒಬ್ಬರಿಗೂ ಹೇಳಲಿಲ್ಲ.

ಈಗ ಫ್ಲಾರಿಡಾ. ಎಪ್ಪತ್ತಾರು.
ಮಂಡಿ ಎರಡೂ ಹೊಸವು, ಸ್ಟೀಲಿನವು.
ಗಾಡಿ ಹಳೆಯದು:
ತೊಂಬತ್ತೊಂದರ ಗಾಲ್ಫ್ ಕಾರ್ಟು,
ತೀರಿಹೋದವರೊಬ್ಬರ ಗರಾಜಿನಿಂದ
ನಾನೂರು ಡಾಲರಿಗೆ ಬಂದದ್ದು.
ಗಾಲ್ಫ್ ಆಡಲು ನನಗೆ ಬಾರದು.
ಹಾಲಿಗೆ, ಮಾತ್ರೆಗೆ, ಮಂಗಳವಾರದ ಬಿಂಗೋಗೆ
ಅದೇ ನನ್ನ ಕಾಲು.

ಗಂಟೆಗೆ ಹನ್ನೆರಡು ಮೈಲಿ, ಅದೂ ಇಳಿಜಾರಿನಲ್ಲಿ.
ಮೊನ್ನೆ ಕೆಂಪು ಹಣೆಯ ಕೊಕ್ಕರೆಯೊಂದು
ಪಕ್ಕದಲ್ಲೇ ಹೆಜ್ಜೆ ಹಾಕುತ್ತ ಬಂತು ಒಂದಷ್ಟು ದೂರ,
ಹಿಂದೆ ಹಾಕುವುದೋ ಬೇಡವೋ
ಎಂದು ಯೋಚಿಸುವ ಹಾಗೆ.
ಅವತ್ತೇ ಸಂಜೆ ಸೀಟು ಎತ್ತಿದೆ.

ಆರು ಬ್ಯಾಟರಿ,
ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಆರು ಮುದುಕರು.
ತಲೆಯ ಮೇಲೆಲ್ಲ ಹಸಿರು ಕಿಲುಬು.
ಅಡುಗೆ ಸೋಡಾ ಕಲಸಿ
ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ,
ಬುಸ್ಸೆಂದು ನೊರೆಯೆದ್ದು ಸುಮ್ಮನಾದವು.
ನೀರು ಕುಡಿಸಿದೆ ಒಂದೊಂದಕ್ಕೂ.
ನಾಲ್ಕನೆಯದು ಗಟಗಟ ಕುಡಿಯಿತು,
ಎಷ್ಟು ದಿನದ ದಾಹವೋ ಪಾಪ.
ಸಣಕಲು ವೈರು ತೆಗೆದು
ಹೆಬ್ಬೆರಳು ದಪ್ಪದ ಕೇಬಲ್ಲು ಎಳೆದೆ.
ಟೈರಿಗೆ ಗಾಳಿ ತುಂಬಿದೆ.
ಹಿಂದಿನ ಎಡ ಚಕ್ರವನ್ನು ಅದರ ಬ್ರೇಕು
ಸದ್ದಿಲ್ಲದೆ ತಬ್ಬಿಕೊಂಡೇ ಇತ್ತು, ಎಷ್ಟು ವರ್ಷದಿಂದಲೋ.
ಬಿಡಿಸಿ ಒಮ್ಮೆ ತಿರುಗಿಸಿ ಬಿಟ್ಟರೆ
ಇಪ್ಪತ್ತು ಎಣಿಸಿದರೂ ನಿಲ್ಲಲಿಲ್ಲ ಚಕ್ರ.

ಹದಿನಾಲ್ಕೂವರೆ.
ಸಾಲದು.

ಎರಡು ಮನೆ ಆಚೆಯ ಥರ್ಮನ್ ಗುಡ್‌ಲೋ,
ಹಡಗುಗಳ ವೈರಿಂಗು ನೋಡಿಕೊಳ್ಳುತ್ತಿದ್ದವನು,
ಗರಾಜಿನ ಬಾಗಿಲಿಗೆ ಒರಗಿ ನಿಂತು ಅಂದ:
"ಕಂಟ್ರೋಲರು ಬದಲಾಯಿಸಿದರೆ ಓಡುತ್ತೆ.
ಆದರೆ ಆ ಮುದುಕರ ಹೊಟ್ಟೆಯಲ್ಲಿ ಇರೋದು ಅಷ್ಟೇ ಅನ್ನ.
ಬೇಗ ಉಂಡರೆ ಬೇಗ ಮುಗಿಯುತ್ತೆ, ಆರ್ಡಿತ್."
ಸ್ಪ್ಯಾನರು ಕೊಡು ಅಂದೆ.
ಕೊಟ್ಟ.

ಪೆಟ್ಟಿಗೆ ಬಂತು, ಕೂರಿಸಿದೆ, ಒಂದು ಬೆರಳು ಸುಟ್ಟುಕೊಂಡೆ.
ಭಾನುವಾರ ಬೆಳಕು ಹರಿಯುವ ಮೊದಲೇ
ಕೆರೆಯ ಕಡೆಗೆ ತಿರುಗಿಸಿ ಪೆಡಲು ಒತ್ತಿದೆ. ಟಕ್
ಅಂದದ್ದಷ್ಟೇ ಗೊತ್ತು.
ಓಕ್ ಮರಗಳ ಜಡೆಪಾಚಿ ಎರಡೂ ಕಡೆ ಹಿಂದಕ್ಕೆ ಹಾರಿತು,
ಟೋಪಿ ಹಾರಿತು,
ಕೊಕ್ಕರೆಗಳು ಮರ್ಯಾದೆ ಬಿಟ್ಟು ಓಡಿದವು.
ಸ್ಟೀಲಿನ ಮಂಡಿ ಗುಂಯ್ ಅಂತಿತ್ತು.
ಕಾಲೊನಿಯ ಬೋರ್ಡು ಇಪ್ಪತ್ತು ಅನ್ನುತ್ತದೆ.
ನಾನು ಇಪ್ಪತ್ತೆರಡು.
ಎರಡು ಮೈಲಿಯಷ್ಟು ಕಳ್ಳಿ, ಈ ವಯಸ್ಸಿನಲ್ಲಿ!
ಹಿಂದಿನ ಸೀಟು ಖಾಲಿ.
ಆದರೂ ಒಮ್ಮೆ ತಿರುಗಿ ನೋಡಿದೆ.

ಕೆರೆಯಂಚಿನಲ್ಲಿ,
ಮೊಸಳೆ ಇದೆ ಎಂಬ ಫಲಕದ ಕೆಳಗೆ ಸರಿಯಾಗಿ,
ಆರೂ ಮುದುಕರು ಒಟ್ಟಿಗೆ ಕಣ್ಣು ಮುಚ್ಚಿದರು.
ಮನೆ ಐದು ಮೈಲಿ.

ಥರ್ಮನ್ ಬಂದ, ಫೋನು ಮಾಡಿದ ಮುಕ್ಕಾಲು ಗಂಟೆಗೆ.
ಇಲಿಬಣ್ಣದ ಅವನ ಗಾಡಿಯ ವೇಗ ಎಂಟು.
ಹಗ್ಗ ಕಟ್ಟಿದ. ಹೇಳಿದ್ದೆನಲ್ಲ ಅನ್ನಲಿಲ್ಲ.
ಅವನು ಎಳೆದ, ನಾನು ಸ್ಟೀರಿಂಗು ಹಿಡಿದೆ.
ರಸ್ತೆಯುಬ್ಬು ಬಂದಾಗಲೆಲ್ಲ
ತಿರುಗದೆಯೇ ಒಂದು ಕೈ ಎತ್ತುತ್ತಿದ್ದ.
ಕೊಕ್ಕರೆಗಳು ಹಿಂದಿನಿಂದ ಬಂದು
ನಮ್ಮನ್ನು ದಾಟಿ ಹೋದವು,
ಕತ್ತು ಕೂಡ ತಿರುಗಿಸದೆ.

ಮನೆ ಮುಂದೆ ಹಗ್ಗ ಬಿಚ್ಚುತ್ತ ಕೇಳಿದ:
"ಎಷ್ಟು ಬಂತು?"
"ಇಪ್ಪತ್ತೆರಡು."
"ಟೋಪಿ?"
"ಹೋಯಿತು."
ಹಗ್ಗವನ್ನು ನಿಧಾನ ಸುತ್ತಿ ಹೆಗಲಿಗೆ ಹಾಕಿಕೊಂಡ.
ನಾಲ್ಕು ಹೆಜ್ಜೆ ಹೋದವನು ನಿಂತು,
ನಾಳೆ ಬಿಡುವಿದ್ದರೆ
ತನ್ನ ಗಾಡಿಯ ಸೀಟೂ ಒಮ್ಮೆ
ಎತ್ತಿ ನೋಡಬಹುದಾ ಅಂದ.