ಎಂಟನೆಯ ಎಳೆ

ಶಿಡ್ಲಘಟ್ಟದಲ್ಲಿ, ಗೂಡು ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ,
ಬೆಳಗಿನ ಆರಕ್ಕೇ ಒಲೆ ಹೊತ್ತಿಕೊಂಡಿರುತ್ತದೆ.
ಬೆಂದ ಹುಳದ ವಾಸನೆ ಮೊದಲ ದಿನ ಗಂಟಲಿಗೆ ಸಿಕ್ಕಿಕೊಂಡಿತು,
ಮೂರನೆಯ ದಿನ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.
ಮೂಗು ಅದನ್ನು ಲೆಕ್ಕದಿಂದ ಹೊಡೆದುಹಾಕಿತ್ತು,
ಗೊತ್ತಿದ್ದದ್ದನ್ನೇ ಮತ್ತೆ ಮತ್ತೆ ಹೇಳುವುದೇಕೆ ಎಂದು.

ಜೈತೂನ್‌ಬಿಯ ಬಲಗೈಗೆ ನಾನು ಅಂಟಿಸಿದ್ದು
ಹದಿನಾಲ್ಕು ಬಿಳಿ ಚುಕ್ಕೆ, ಮೊಣಕೈಗೆ ಒಂದು ತಂತಿ.
"ಮದುವೆಯಲ್ಲಿ ಮೆಹಂದಿ ಹಾಕಿಸಿಕೊಳ್ಳುವಾಗಲೂ
ಇಷ್ಟು ಹೊತ್ತು ಕೈ ಚಾಚಿ ಕೂತಿರಲಿಲ್ಲ" ಅಂದಳು.
ನೀರಿನ ಶಾಖಕ್ಕೆ ಒಂದು ಚುಕ್ಕೆ ಬಿಟ್ಟು ಬಂತು,
ಗೂಡುಗಳ ನಡುವೆ ತೇಲಿತು.
ಅದರಲ್ಲೂ ಎಳೆ ಹುಡುಕಿದಳು, ನನ್ನನ್ನು ನಗಿಸಲಿಕ್ಕೆ.

ನನ್ನ ಕೆಲಸ ಇಷ್ಟೇ: ಕೈಯ ಹಿಂದಿರುವ ಗಣಿತ ಬರೆಯುವುದು.
ಎಂಟು ಗೂಡು, ಎಂಟು ಎಳೆ, ಸೇರಿ ಒಂದು ನೂಲು.
ಒಂದು ಗೂಡು ಮುಗಿಯುವ ಮುಂಚೆ
ಹೊಸದರ ತುದಿ ಅದರ ಜಾಗಕ್ಕೆ ಬಂದು ಕೂತಿರಬೇಕು.
ಒಂಟಿ ಎಳೆ ಕಣ್ಣಿಗೆ ಕಾಣುವುದಿಲ್ಲ, ಆವಿಯಲ್ಲಂತೂ ಇಲ್ಲವೇ ಇಲ್ಲ.
ಕಣ್ಣಿನ ಸುದ್ದಿ ಮಿದುಳು ತಲುಪಿ, ಅಪ್ಪಣೆ ಬೆರಳಿಗಿಳಿಯುವಷ್ಟರಲ್ಲಿ
ಚರಕ ಅರ್ಧ ಸುತ್ತು ಮುಂದೆ ಹೋಗಿರುತ್ತದೆ.
ಆದರೂ ಅವಳ ಬೆರಳು ತಡವಾಗುವುದಿಲ್ಲ.
ಅಂದರೆ ಒಳಗೆಲ್ಲೋ ಇನ್ನೊಂದು ಚರಕವಿದೆ,
ಹೊರಗಿನದಕ್ಕಿಂತ ಒಂದು ಕೂದಲೆಳೆ ಮುಂಚೆ ತಿರುಗುವುದು.
ಅದರಲ್ಲಿ ನೂಲು ಆಗಲೇ ತೆಳ್ಳಗಾಗಿ,
ಆಗಲೇ ಕಡಿದು, ಆಗಲೇ ಕೂಡಿಕೊಂಡಿರುತ್ತದೆ.
ಹೊರಗೆ ನಡೆಯುವುದು ಬರೀ ರುಜು ಹಾಕುವ ಕೆಲಸ.

ಇದನ್ನೆಲ್ಲ ಹೇಳಿದೆ. ಗೂಡು ಕುದಿಸುತ್ತಲೇ ಕೇಳಿದಳು.
"ಒಂದು ಮಾತು ಹೇಳು ಬೇಟಿ, ಓದಿದವಳಲ್ಲವಾ.
ನಾನಾಗಿ ಕೈಯಿಟ್ಟರೆ ಈ ನೀರು ಸುಡಲ್ಲ.
ಇವನು, ಮುಬಾರಕ್, ಚರಕ ತಿರುಗಿಸುವವನು,
ಅದೇ ನೀರನ್ನ ಒಂದು ಹನಿ ಸಿಡಿಸಿದರೆ
ಜೀವ ಹೋದ ಹಾಗೆ ಉರಿಯುತ್ತೆ. ಯಾಕೆ?"

ನನ್ನ ಬಳಿ ಉತ್ತರವಿತ್ತು, ಸಮೀಕರಣದ ಸಮೇತ:
ತನ್ನಿಂದಲೇ ಬರುವುದನ್ನು ಮಿದುಳು ಮೊದಲೇ ಕಳೆದಿಡುತ್ತದೆ,
ಶೇಷವಷ್ಟೇ ಮೇಲಕ್ಕೆ ಬರುತ್ತದೆ.
ನಮಗೆ ನಾವೇ ಕಚಗುಳಿ ಇಟ್ಟುಕೊಳ್ಳಲಾಗದ್ದೂ ಅದಕ್ಕೇ.
ಹೇಳಹೊರಟವಳು ಅವಳ ಬೆರಳು ನೋಡಿದೆ.
ಬಿಳಿಚಿ, ನೆನೆದ ಅವರೆಕಾಳಿನಂತೆ ಸುಕ್ಕುಗಟ್ಟಿದ ತುದಿ,
ಉಗುರಿನ ಬದಿಗೆ ಒಡೆದ ಸೀಳು.
ಕಳೆಯುವ ಲೆಕ್ಕದಲ್ಲಿ ಇವು ಎಲ್ಲಿ ಹೋದವು?
"ಗೊತ್ತಿಲ್ಲ" ಅಂದೆ. ಪೂರ್ತಿ ಸುಳ್ಳಲ್ಲ.

ಐದನೆಯ ದಿನ ಮೋಸ ಮಾಡಿದೆ.
ಚರಕಕ್ಕೆ ಮೋಟರು ಕಟ್ಟಿದ್ದು ಅವಳಿಗೆ ಗೊತ್ತಿತ್ತು,
ಗೊತ್ತಿಲ್ಲದ್ದು ನನ್ನ ಕೈಯಲ್ಲಿದ್ದ ಗುಂಡಿ.
ವೇಗವನ್ನು ಚೂರೇ ಚೂರು ತಗ್ಗಿಸಿದೆ,
ಕಣ್ಣು ಹಿಡಿಯಲಾರದಷ್ಟು, ಕಿವಿಗೂ ಸಿಗದಷ್ಟು.
ಸೌದೆ ಒಟ್ಟುತ್ತಿದ್ದ ಮುಬಾರಕ್‌ಗೆ ತಿಳಿಯಲಿಲ್ಲ.
ಪರದೆಯ ಗೆರೆ ನೋಡದಿದ್ದರೆ ನನಗೂ ಇಲ್ಲ.
ಅವಳ ಕೈ ನೀರಿನ ಮೇಲೆ ನಿಂತಿತು.
ತಿರುವಿ ತಿರುವಿ ನೋಡಿಕೊಂಡಳು,
ಅಂಗಡಿಯವ ಕೊಟ್ಟ ಚಿಲ್ಲರೆ ಎಣಿಸುವಂತೆ.
"ನನ್ನ ಕೈಯೊಳಗೆ ಯಾರೋ ಬಂದಿದ್ದಾರೆ."

ಎದ್ದು ಮೋಟರು ಆರಿಸಿದೆ. ತಪ್ಪೊಪ್ಪಿಕೊಂಡೆ.
ಬೈಯಲಿಲ್ಲ. ಮುಬಾರಕ್‌ನನ್ನು ಟೀ ತರಲು ಕಳಿಸಿದಳು.
ಆಮೇಲೆ ಹಳೆಯ ವೇಗಕ್ಕೆ ಬಂದಮೇಲೂ
ಅವಳ ಕೈ ತನ್ನನ್ನು ತಾನು ನಂಬಲಿಲ್ಲ, ಒಂದು ಗಳಿಗೆ ಹಿಂದೆ ಬೀಳುತ್ತಿತ್ತು.
ಎರಡು ಸಲ ನೂಲು ಕಡಿಯಿತು. "ಇದು ನಿನ್ನ ಲೆಕ್ಕಕ್ಕೆ" ಅಂದಳು.
ಬರೆದುಕೊಂಡೆ, ದುಡ್ಡಿನ ಪುಸ್ತಕದಲ್ಲೂ ಪ್ರಯೋಗದ ಪುಸ್ತಕದಲ್ಲೂ.

ರಾತ್ರಿ, ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜು. ಕರೆಂಟು ಹೋಗಿತ್ತು.
ಗೋಡೆ ಸವರುತ್ತ ಹತ್ತಿದೆ, ಎಣಿಸದೆ,
ಐದು ದಿನದಿಂದ ಹತ್ತಿದ ಕಾಲಿಗೆ ಗೊತ್ತಲ್ಲ ಎಂದು.
ಮೆಟ್ಟಿಲು ಮುಗಿದಿದ್ದವು. ಕಾಲು ಇನ್ನೊಂದನ್ನು ಹತ್ತಿತು.
ಇಲ್ಲದ ಆ ಮೆಟ್ಟಿಲ ಎತ್ತರ ಎಷ್ಟೆಂದು
ಈಗಲೂ ಅಂಗೈ ಹಿಡಿದು ತೋರಿಸಬಲ್ಲೆ.
ಅಂಗಾಲು ಬಯಲಿನೊಳಗಿಂದ ಇಳಿದು ಸಿಮೆಂಟಿಗೆ ಬಡಿದಾಗ
"ಯಾರದು?" ಅಂದೆ,
ಗಟ್ಟಿಯಾಗಿಯೇ.