ಸಕ್ಕರಿಯ ಮುಂಗಾಲು

ಅಕ್ಕಲಕೋಟದ ಡಾಂಬರಿನ ಮ್ಯಾಲ
ನಾಕು ಸಪ್ಪಳ ಬರಬೇಕು.
ಮೂರು ಬಂದವು.
ನಾಕನೇದು ಅಂಜಿಕೋತ ಬಂತು.

ಚೌಗಲಾ ಡಾಕ್ಟರು ಗೊರಸು ಒತ್ತಿ ನೋಡಿ
ಪುಡಿ ಕೊಟ್ಟರು:
"ಬೆಲ್ಲದಾಗ ಕಲಿಸಿ ತಿನಸು, ಲಾಡ್ಲೇಸಾಬ.
ನೋವು ಸುಮ್ಮನಾಗತದ,
ಕಾಲು ಇನ್ನೂ ಹಂಗs ಇರತದ.
ಹದಿನೈದು ದಿನ ಕಟ್ಟು."

ಮೂರನೇ ದಿನ
ಓಣಿಯಾಗ ಬ್ಯಾಂಡು ಬಾರಿಸಿದ್ದs ತಡ
ಸಕ್ಕರಿ ಕಿವಿ ನಿಗುರಿಸಿ ಕುಣಿಯಾಕ ನಿಂತಳು.
ಕುಂಟು ಎಲ್ಲಿ? ಹುಡುಕಿದರೂ ಇಲ್ಲ.
ನನ್ನ ಕಿಸೆದಾಗ
ಸೋಲಾಪುರದ ಮದಿವಿ ಸಂಚಕಾರ.

ಆಕಿ ಮರತಾಳ.
ನೆನಪಿಡೂ ಕೆಲಸ ನಂದು.

ರೊಕ್ಕ ತಿರುಗಿ ಕೊಟ್ಟು ಬಂದೆ.
ಮದುಮಗ ಕಾರಿನಾಗ ಹೋಗಲಿ.

ಸಂಜಿಗೆ ಬಕೀಟಿನ ತಣ್ಣೀರಾಗ
ಆಕಿ ಕಾಲು ಹಿಡಕೊಂಡು ಕುಂತೆ.
ಸಿಟ್ಟಿಲೆ ಬಕೀಟು ಒದ್ದು ಚೆಲ್ಲಿದಳು.
ಯಾವ ಕಾಲಿಲೆ ಅಂತ
ಮೊದಲ ಅದನ್ನs ನೋಡಿದೆ.