ನಂಬರ್ ಪ್ಲೀಸ್

ದುರ್ಗಿಗುಡಿಯ ಒಂದು ಅಡ್ಡರಸ್ತೆ, ಮೆಟ್ಟಿಲ ಕೆಳಗೆ
ಫಯಾಜಣ್ಣನ ರಿಪೇರಿ ಅಂಗಡಿ.
ಹೊಟ್ಟೆ ಬಿಚ್ಚಿಕೊಂಡು ಮಲಗಿದ ಏಳು ಲ್ಯಾಪ್‌ಟಾಪು,
ಯಾರದೋ ಕೀಬೋರ್ಡಿನಿಂದ ಕೊಡವಿದ ಅವಲಕ್ಕಿ.
ಸ್ಕ್ರೂಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ
ಅಳತೆವಾರು ವಿಂಗಡಿಸುವುದು ನನ್ನ ಕೆಲಸ,
ಸಂಜೆ ಆರಕ್ಕೆ ಜಗಳ ಕೇಳುವುದೂ.

ಮೊದಲು ಪಾಲಿಟೆಕ್ನಿಕ್ಕಿನ ಜಿನದತ್ತ ಮೇಷ್ಟ್ರು.
ಹೆಲ್ಮೆಟ್ಟಿನೊಳಗಿಂದಲೇ ಶುರು:
"ಆ ಸೊಸೈಟಿಯವರು ಲಿನಕ್ಸ್ ಹಾಕಿಸಿಕೊಂಡ್ರೇನೋ?"
ಕತ್ತಲಾದ ಮೇಲೆ ಉಣ್ಣದ ಮನೆತನ ಅವರದು,
ಕಣ್ಣಿಗೆ ಕಾಣದ ಕೋಡನ್ನೂ ಮುಟ್ಟುವುದಿಲ್ಲ.
"ಒಳಗೇನಿದೆ ಅಂತ ತೋರಿಸದವನ ಪಾತ್ರೆಯಿಂದ
ಹೇಗ್ರೀ ಬಡಿಸಿಕೊಳ್ತೀರಿ?"

ಡಿಟಿಪಿ ಮಾಡುವ ಕುಮುದ್ವತಿ ಪೆನ್‌ಡ್ರೈವ್ ಕುಟ್ಟುತ್ತಾಳೆ ಮೇಜಿಗೆ:
"ನಿಮ್ಮ ಲಿನಕ್ಸಲ್ಲಿ ನನ್ನ ಹಳೇ ಫೈಲು ತೆಗೆದರೆ
ಮದುಮಗಳ ಹೆಸರು ಚೂರು ಚೂರು,
ಒತ್ತಕ್ಷರ ಒಂದು ಕಡೆ, ದೀರ್ಘ ಒಂದು ಕಡೆ.
ಮುಹೂರ್ತ ಕಾಯ್ತದಾ ಮೇಷ್ಟ್ರೇ?"

"ಕೆಟ್ಟ ಮೇಲೆ ಎಲ್ಲಾ ಒಂದೇ," ಫಯಾಜಣ್ಣ,
ಬ್ರಷ್ಷಿನಿಂದ ಫ್ಯಾನು ಗುಡಿಸುತ್ತ. "ಧೂಳು."

ಗೋಪಿ ಸರ್ಕಲ್ಲಿನ ಮೊಬೈಲಂಗಡಿಯ ಬೋರೇಶನದು ಬೇರೆಯೇ ರಾಗ:
"ಮುಚ್ಚಿಡೋದು ನನ್ನ ಹತ್ರ ಏನಿದೆ ಮಾರಾಯ್ರೆ,
ನೋಡ್ಲಿ, ಕೇಳ್ಲಿ, ಬೇಕಾದ್ದು ಬರ್ಕೊಳ್ಳಲಿ.
ಮೊನ್ನೆ ಮಂಡಿನೋವು ಅಂತ ಬಾಯಲ್ಲಿ ಅಂದದ್ದಷ್ಟೆ,
ಬೆಳಿಗ್ಗೆ ಫೋನಲ್ಲಿ ಮಂಡಿಪಟ್ಟಿ ಹಾಜರ್.
ಮನೆಯವರೇ ಇಷ್ಟು ಕೇಳಿಸ್ಕೊಳ್ಳಲ್ಲ."

ನಕ್ಕೆವು. ಬೈಟು ಕಾಫಿ ಬಂತು, ನಾಲ್ಕು ಲೋಟ ಐದಾಯಿತು.
ಮಾತು ಏರಿತು. ಕರೆಂಟು ಹೋಯಿತು.
ಹಳೇ ಯುಪಿಎಸ್ಸು ಒಂದೇ ಸಮ ಕೂಗಿಕೊಂಡಿತು,
ಅದರ ಪಕ್ಷ ಯಾವುದೆಂದು ಯಾರೂ ಕೇಳಲಿಲ್ಲ.

ಆ ಕತ್ತಲಲ್ಲಿ ಸ್ಟೂಲಿನ ಮೇಲೆ ಸೆಲಿನ್ ಬಾಯಿ ಇದ್ದರು.
ಗಾಜು ಒಡೆದ ಟ್ಯಾಬು ತೆಗೆದುಕೊಂಡು ಹೋಗಲು ಬಂದವರು,
ಎಷ್ಟು ಹೊತ್ತಿನಿಂದಲೋ.

"ಬಾಯಿ ಅನ್ನೋದು ಹೆಸರಿನಲ್ಲಿ ಮಾತ್ರ," ಅಂದರು,
"ತೀರ್ಥಹಳ್ಳಿ ಎಕ್ಸ್‌ಚೇಂಜಲ್ಲಿ ಹತ್ತೊಂಬತ್ತು ವರ್ಷ
ನಾನು ಬರೀ ಕಿವಿ.
ನಂಬರ್ ಪ್ಲೀಸ್ ಅನ್ನಬೇಕು, ಪಿನ್ನು ಚುಚ್ಚಬೇಕು, ಬಿಡಬೇಕು.
ಬಿಡಬೇಕು ಅಂತ ರೂಲು. ಯಾರು ಬಿಡ್ತಾರೆ?

ಒಂದು ಟ್ರಂಕ್ ಕಾಲು, ಮೂರು ನಿಮಿಷದ್ದು.
ಅದರಲ್ಲಿ ಎರಡು ನಿಮಿಷ ಇಬ್ಬರೂ ಮಾತಾಡಲಿಲ್ಲ.
ಅದೂ ಕೇಳಿದೀನಿ.

ಕೇಳ್ತೀನಿ ಅಂತ ಊರಿಗೆ ಗೊತ್ತಿತ್ತು.
ಕೆಲವರು ಮಾತು ಮುಗಿಸಿ
'ಸೆಲಿನ್ ಬಾಯಿ, ಇಡ್ತೀವಿ' ಅಂತಲೂ ಅನ್ನೋರು.
ಸೋಮವಾರದ ಸಂತೆಯಲ್ಲಿ ಎದುರಾದರೆ
ಅವರು ತಲೆ ತಗ್ಗಿಸೋಕೆ ಮುಂಚೆ
ನಾನೇ ಬದನೆಕಾಯಿ ನೋಡ್ತಿದ್ದೆ.
ಬೇಡದ ಬದನೆಕಾಯಿ ಎಷ್ಟು ಕೊಂಡಿದೀನೋ."

ಮೇಷ್ಟ್ರು "ಎನ್‌ಕ್ರಿಪ್ಷನ್..." ಅಂದು
ಲೋಟದ ತಳದ ನೊರೆ ನೋಡಿದರು.

ಕರೆಂಟು ಬಂತು.
ಫಯಾಜಣ್ಣ ಟ್ಯಾಬು ಒರೆಸಿ ಮುಂದೆ ಹಿಡಿದ:
"ಟಚ್ ನೋಡ್ಬೇಕು ಬಾಯಿ, ಪಾಸ್‌ವರ್ಡ್ ಒತ್ತಿ."
ವರ್ಷಗಟ್ಟಲೆ ಹೆಡ್‌ಫೋನು ಕೂತ ಎಡಗಿವಿ ಮಂದ,
ಒತ್ತುತ್ತ ಒತ್ತುತ್ತ ಒಂದೊಂದು ಅಂಕಿಯನ್ನೂ
ಆಚೆ ತುದಿಯ ಊರಿಗೆ ಕೇಳುವ ಹಾಗೆ
ಜೋರಾಗಿ ಹೇಳಿದರು.

ಮೇಷ್ಟ್ರು ಸೂರಿನ ಹಲ್ಲಿ ನೋಡಿದರು.
ಕುಮುದ್ವತಿ ಹೋದ ವರ್ಷದ ಕ್ಯಾಲೆಂಡರು.
ಮುಚ್ಚಿಡಲು ಏನೂ ಇಲ್ಲದ ಬೋರೇಶ
ಎದ್ದು ಹೊರಗೇ ಹೋದ,
ಬೀದಿದೀಪದ ಕೆಳಗೆ ಬೈಕಿನ ಸೀಟು ಒರೆಸುತ್ತ ನಿಂತ.

ನಾಲ್ಕು ಅಂಕಿ.
ನನಗೆ ಗೊತ್ತಿಲ್ಲ.
ನಾನಾಗ ಸ್ಕ್ರೂ ಎಣಿಸುತ್ತಿದ್ದೆ.